ಮಾವನಿಗೊಂದು ಸಕ್ಷನ್ ಪಂಪು

ಅಂಗಡಿಯವನು ಹೇಳಿದ ಬೆಲೆಗೆ ನಾನು ಏನನ್ನೂ ಕೊಂಡವನಲ್ಲ. ಮೊದಲೆಲ್ಲ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ, ಈಗ ಸ್ವಲ್ಪ ದನಿ ತಗ್ಗಿಸಿ ಹೇಳುತ್ತೇನೆ. ಮೆಂತ್ಯದ ಸಿವುಡಿನಿಂದ ಹಿಡಿದು ಮಗಳ ಮದುವೆಯ ಸೀರೆಯವರೆಗೆ ನನ್ನದು ಒಂದೇ ವಿದ್ಯೆ. ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಬೇಕು, ಮುಖ ಸಪ್ಪಗೆ ಮಾಡಬೇಕು, "ಬ್ಯಾಡ ಬಿಡ್ರಿ" ಎಂದು ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆಯಬೇಕು. ಹತ್ತು ಎಂದರೆ ಹತ್ತೇ. ಎಂಟಕ್ಕೆ ನಿಂತರೆ ನಿಮ್ಮ ಆಸೆ ಅವನಿಗೆ ಗೊತ್ತಾಗುತ್ತದೆ; ಹದಿನೈದಕ್ಕೆ ಹೋದರೆ ಅವನು ಕರೆದದ್ದು ನಿಮಗೆ ಕೇಳಿಸುವುದಿಲ್ಲ. ಕೊಟ್ಟೂರಿನಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸದಿಂದ ಶುರುಮಾಡಿ ಸ್ವಂತ ಪಂಪ್‌ಸೆಟ್ ಅಂಗಡಿ ಇಟ್ಟವನು ನಾನು. ಆ ಅಂಗಡಿ ನಿಂತಿರುವುದೇ ಈ ಹತ್ತು ಹೆಜ್ಜೆಗಳ ಮೇಲೆ ಎಂದರೂ ತಪ್ಪಿಲ್ಲ. ಆದರೆ ವಸ್ತುವನ್ನು ಬಿಟ್ಟು ಬರುವ ಧೈರ್ಯವಿದ್ದಾಗ ಮಾತ್ರ ಈ ವಿದ್ಯೆ ನಡೆಯುತ್ತದೆ ಎಂಬುದು ನನಗೆ ಹೊಳೆದದ್ದು ತೀರಾ ಇತ್ತೀಚೆಗೆ, ದಾವಣಗೆರೆಯ ಒಂದು ಫುಟ್‌ಪಾತಿನ ಮೇಲೆ, ಹನ್ನೊಂದನೆಯ ಹೆಜ್ಜೆಯಲ್ಲಿ.

ನಮ್ಮಕ್ಕ ಗೌರಮ್ಮ ಇರುವುದು ಹಗರಿಬೊಮ್ಮನಹಳ್ಳಿಯಲ್ಲಿ. ಆಕೆಯ ಗಂಡ ವೀರಪ್ಪ ಮಾವ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರು ನಿಲ್ದಾಣದಲ್ಲಿ ನಿಂತು "ಕೊಟ್ಟೂರು, ಹರಪನಹಳ್ಳಿ" ಎಂದು ಕೂಗಿದರೆ, ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದವರು ಕೈ ತೊಳೆಯದೆ ಓಡಿ ಬರುತ್ತಿದ್ದರು. ಅಂಥ ಗಂಟಲಿಗೇ ಏಟು ಬಿತ್ತು. ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದವು. ಉಸಿರಾಟಕ್ಕೆಂದು ಡಾಕ್ಟರು ಕುತ್ತಿಗೆಯಲ್ಲಿ ತೂತು ಮಾಡಿ ಕೊಳವೆ ಇಟ್ಟರು. ಉಸಿರು ಬಾಯಿಗೆ ಬರುವ ಮೊದಲೇ ಕೊಳವೆಯಲ್ಲಿ ಹೊರಟುಹೋಗುವುದರಿಂದ ಮಾತೂ ನಿಂತಿತು. ಉಳಿದದ್ದು ಬಲಗೈ. ಆ ಕೈಗೆ ಅಕ್ಕ ಒಂದು ಸ್ಟೀಲ್ ಚಮಚ ಕೊಟ್ಟಳು. ಮಾವ ಯಾರೂ ಹೇಳಿಕೊಡದೆಯೇ ಅದರಿಂದ ಕಬ್ಬಿಣದ ಮಂಚದ ಕಂಬಿಗೆ ಬಡಿಯತೊಡಗಿದರು. ಒಂದು ಬಡಿತವೆಂದರೆ ನಿಲ್ಲಿಸು. ಎರಡು ಬಡಿತವೆಂದರೆ ರೈಟ್, ಹೋಗಲಿ. ಮೂವತ್ತು ವರ್ಷ ಬಸ್ಸಿನಲ್ಲಿ ನಡೆಸಿದ ಭಾಷೆ ಅದು.

"ಇಷ್ಟು ವರ್ಷ ಡ್ರೈವರಿಗೆ ಬಡಿದ್ರು, ಈಗ ನನಗ ಬಡೀತಾರ ನೋಡು," ಎಂದು ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಡಾಕ್ಟರು ಮನೆಗೆ ಕಳಿಸಲು ಒಂದೇ ಷರತ್ತು ಹಾಕಿದರು. ಕೊಳವೆಯಲ್ಲಿ ಕಫ ತುಂಬುತ್ತದೆ, ಅದನ್ನು ಆಗಾಗ ಎಳೆದು ತೆಗೆಯಬೇಕು, ಕಟ್ಟಿಕೊಂಡರೆ ಉಸಿರೇ ನಿಲ್ಲುತ್ತದೆ. ಆದ್ದರಿಂದ ಮನೆಯಲ್ಲಿ ಸಕ್ಷನ್ ಪಂಪು ಇರಲೇಬೇಕು. ಅಕ್ಕ ನನ್ನ ಕಡೆ ನೋಡಿದಳು. "ತಮ್ಮಾ, ಪಂಪಿನ ವಿಷಯ ನಿನಗ ಬಿಟ್ಟು ಯಾರಿಗೆ ಗೊತ್ತೈತಿ?" ಎಂದಳು. ನಿಜ ಹೇಳುತ್ತೇನೆ, ಆ ದುಃಖದ ನಡುವೆಯೂ ನನಗೆ ಒಳಗೊಳಗೇ ಖುಷಿಯಾಯಿತು.

ದಾವಣಗೆರೆಯ ಆ ಆಸ್ಪತ್ರೆಯ ಸಾಲಿನಲ್ಲೇ ಇಂಥ ಯಂತ್ರಗಳ ಅಂಗಡಿ. ಗಲ್ಲಾದಲ್ಲಿ ಕೂತಿದ್ದ ಹೆಂಗಸು ಕನ್ನಡಕದ ಮೇಲಿಂದ ನೋಡಿ, "ಆಪರೇಷನ್ ಥಿಯೇಟರಿಗೋ, ಮನೆಗೋ ಸಾರ್?" ಎಂದು ಕೇಳಿದರು.

"ಯಾವುದು ಜೋರು ಎಳಿತೈತೋ ಅದನ್ನ ತೋರಿಸ್ರಿ."

ಅವರು ಸಮಾಧಾನವಾಗಿ ವಿವರಿಸಿದರು. ಥಿಯೇಟರಿನದು ಎರಡು ದೊಡ್ಡ ಜಾಡಿಯದು, ಚಕ್ರದ ಮೇಲೆ ನಿಲ್ಲುವಂಥದು. ಆಪರೇಷನ್ ನಡೆಯುವಾಗ ಹರಿಯುವ ರಕ್ತವನ್ನು ಗಳಿಗೆಯಲ್ಲಿ ಎಳೆದು ಡಾಕ್ಟರಿಗೆ ಜಾಗ ಕಾಣುವಂತೆ ಮಾಡಬೇಕು, ಅದಕ್ಕೆ ಆ ಜೋರು. ಮನೆಯದು ಒಂದೇ ಜಾಡಿಯದು, ಒಳಗೇ ಬ್ಯಾಟರಿ ಇರುತ್ತದೆ, ಎಳೆತವನ್ನು ಮೆಲ್ಲಗೆ ಹೆಚ್ಚು ಕಡಿಮೆ ಮಾಡಬಹುದು. ನನಗೆ ಆ ಚಿಕ್ಕದು ಟಿಫಿನ್ ಡಬ್ಬಿಯಂತೆ ಕಂಡಿತು. ನಮ್ಮ ಕಸುಬಿನಲ್ಲಿ ಪಂಪನ್ನು ಪರೀಕ್ಷಿಸುವುದು ಅಂಗೈಯಿಂದ. ನೀರೆಳೆಯುವ ಬಾಯಿಗೆ ಅಂಗೈ ಒತ್ತಿದರೆ ಗೊತ್ತಾಗುತ್ತದೆ, ಪಂಪಿಗೆ ಜೀವವಿದೆಯೋ ಇಲ್ಲವೋ ಎಂದು. ಚಿಕ್ಕದಕ್ಕೆ ಕೈ ಇಟ್ಟೆ, ಮುತ್ತು ಕೊಟ್ಟಂತಾಯಿತು. ದೊಡ್ಡದಕ್ಕೆ ಇಟ್ಟೆ, ಅಂಗೈಯ ಚರ್ಮ ದುಂಡಗೆ ಎದ್ದು ಕೆಂಪಾಯಿತು. ಇದೇ ನಮ್ಮ ಮಾವನಿಗೆ ತಕ್ಕದ್ದು ಎಂದು ತೀರ್ಮಾನಿಸಿ ಬೆಲೆಗೆ ಇಳಿದೆ. ಆಯಮ್ಮ ಜಗ್ಗಲಿಲ್ಲ. ನಾನು "ಬ್ಯಾಡ ಬಿಡ್ರಿ" ಎಂದು ಬೆನ್ನು ತಿರುಗಿಸಿದೆ.

ಹತ್ತು ಹೆಜ್ಜೆಯಾಯಿತು. ಯಾರೂ ಕರೆಯಲಿಲ್ಲ. ಹನ್ನೊಂದನೆಯದಕ್ಕೆ ಕಾಲೆತ್ತಿದವನು ಹಾಗೇ ನಿಂತೆ. ಎದುರಿಗೆ ಆಸ್ಪತ್ರೆ, ಮೇಲಿನ ಕಿಟಕಿಯಲ್ಲಿ ಯಾರದೋ ಟವೆಲು ಒಣಗುತ್ತಿತ್ತು. ಈ ವಸ್ತು ಬೇಡ ಎಂದು ನಾನು ಎಲ್ಲಿಗೆ ಹೋಗಬಲ್ಲೆ? ಚಹಾ ಕುಡಿಯಲು ಹೋಗಿದ್ದವನಂತೆ ಮುಖ ಮಾಡಿಕೊಂಡು ವಾಪಸ್ ಬಂದೆ. ಯಂತ್ರ ಇಟ್ಟಲ್ಲೇ ಇತ್ತು.

"ತೆಗೆದಿಡಲಿಲ್ಲವಾ?" ಎಂದೆ.

"ಹಿಂಗೆ ಹೋದೋರೆಲ್ಲ ಬರ್ತಾರೆ ಸಾರ್. ಮನೇಲಿ ಒಬ್ರು ಮಲಗಿರ್ತಾರಲ್ಲ," ಎಂದರು. ಗೇಲಿಯಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ದೊಡ್ಡ ಯಂತ್ರವೇ ಮನೆಗೆ ಬಂತು. ಸ್ವಿಚ್ಚು ಹಾಕಿದ ಕೂಡಲೇ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನ್ ಗೌರಕ್ಕ, ಹಿಟ್ಟಿನ ಗಿರಣಿ ಹಾಕ್ಸೀರೇನು?" ಎಂದಳು. ಸಂಜೆ ಕಲಿಸಿಕೊಡಲು ಬಂದ ನರ್ಸ್ ರೇಷ್ಮಾ ಅದನ್ನು ಸುತ್ತು ಹಾಕಿ ನೋಡಿದಳು.

"ಅಣ್ಣಾರ, ಹೊಟ್ಟಿ ಕೊಯ್ಯೋರಿಗೆ ಬೇಕಾಗಿದ್ದು ಇದು. ಇವ್ರಿಗೆ ಯಾಕ ತಂದ್ರಿ?"

"ಜೋರು ಇದ್ರ ಒಳ್ಳೇದಲ್ಲೇನಮ್ಮ?"

"ಕಫ ಒಂದ ಬರಂಗಿಲ್ರೀ ಅದರಾಗ. ಒಳಗಿನ ಉಸಿರೂ ಬರ್ತೈತಿ."

ಎಳೆತವನ್ನು ಪೂರಾ ತಗ್ಗಿಸಿ ಅವಳು ಕಲಿಸಿದಳು. ಕೈ ತೊಳೆದು ಗ್ಲೌಸು ಹಾಕಬೇಕು. ತೆಳ್ಳನೆಯ ನಳಿಕೆಯನ್ನು ಒಳಗೆ ಬಿಡುವಾಗ ಎಳೆಯಬಾರದು, ಹೊರಗೆ ತೆಗೆಯುವಾಗ ಮಾತ್ರ ಎಳೆಯಬೇಕು, ಅದೂ ಹತ್ತು ಎಣಿಸುವುದರೊಳಗೆ ಮುಗಿಯಬೇಕು. "ಎಣಿಸೂದು ಮರೀತೀನಿ ಅನ್ನೋದಾದ್ರ ನೀವೂ ಉಸಿರು ಹಿಡೀರಿ. ನಿಮಗ ಸಾಕಾತು ಅನ್ನೋದಕ್ಕ ಮೊದ್ಲ ಅವ್ರಿಗೆ ಸಾಕಾಗಿರ್ತೈತಿ." ಹೋಗುವಾಗ, "ಆದ್ರ ಬದಲಿ ಮಾಡಿ ತರ್ರಿ," ಎಂದಳು. ನಾನು ಆಗಲಿ ಎಂದೆ, ಮಾಡಲಿಲ್ಲ. ಇಪ್ಪತ್ತೈದು ವರ್ಷ ಪಂಪು ಮಾರಿದವನು ತಪ್ಪು ಪಂಪು ತಂದ ಎಂಬ ಸುದ್ದಿ ಕೊಟ್ಟೂರಿಗೆ ಮುಟ್ಟುವುದು ನನಗೆ ಬೇಕಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ. ಅಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಮಾವನ ಕೊಳವೆ ಗೊರಗೊರ ಅಂದಿತು. ನಾನೇ ಗ್ಲೌಸು ಹಾಕಿ ಯಂತ್ರ ಚಾಲೂ ಮಾಡಿದೆ. ಕಫ ಚೆನ್ನಾಗಿ ಬರುತ್ತಿತ್ತು. ಜಾಡಿಯನ್ನೇ ನೋಡುತ್ತ ನಿಂತೆ. ನಮ್ಮ ಕಸುಬಿನವರಿಗೆ ಇದೊಂದು ರೋಗ. ಬೋರ್‌ವೆಲ್ಲಿನಲ್ಲಿ ನೀರು ಬರುತ್ತಿರುವಾಗ ಯಾರೂ ಮೋಟರು ಆರಿಸುವುದಿಲ್ಲ. ಉಸಿರು ಹಿಡಿಯುವುದಿರಲಿ, ಇನ್ನಷ್ಟು ಬರಲೆಂದು ಎಳೆತವನ್ನು ಒಂದು ಗೆರೆ ಏರಿಸಿದೆ. ಅಷ್ಟರಲ್ಲಿ ಬಾಗಿಲಿನಿಂದ ಅಕ್ಕ ಚೀರಿದಳು. ಏನೆಂದು ನನಗೆ ಕೇಳಿಸಲಿಲ್ಲ. ಅವಳು ಒದ್ದೆ ಸೀರೆ ಎಸೆದು ಓಡಿ ಬಂದು ಸ್ವಿಚ್ಚು ಆರಿಸಿದಳು. ಗಿರಣಿ ನಿಂತಿತು. ಆಗ ಕೇಳಿಸಿತು: ಟಣ್. ಸ್ವಲ್ಪ ಬಿಟ್ಟು, ಇನ್ನೂ ಸಣ್ಣಗೆ, ಟಣ್. ಮಾವನ ತುಟಿ ನೇರಳೆ ಹಣ್ಣು ತಿಂದವರಂತೆ ಆಗಿತ್ತು. ಎಷ್ಟು ಹೊತ್ತಿನಿಂದ ಬಡಿಯುತ್ತಿದ್ದರೋ.

"ನಿಲ್ಸಲೇ ಅಂತ ಬಡೀಲಿಕ್ಕೆ ಹತ್ಯಾರ, ಕಿವಿ ಎಲ್ಲಿ ಇಟ್ಟಿದ್ದಿ?" ಎಂದು ಅಕ್ಕ ನನ್ನ ಬೆನ್ನಿಗೆ ಒಂದು ಕೊಟ್ಟಳು. ಚಿಕ್ಕವನಿದ್ದಾಗ ಕೊಟ್ಟದ್ದು ಬಿಟ್ಟರೆ ಅದೇ ಮೊದಲು. ಮೆಲ್ಲಗೆ ಮಾವನ ಎದೆ ಏರಿಳಿಯತೊಡಗಿತು, ತುಟಿಗೆ ಬಣ್ಣ ಬಂತು. ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಿಲುಗಡೆ ದಾಟಿಸಿಕೊಂಡು ಹೋದ ಡ್ರೈವರನ್ನು ಕಂಡಕ್ಟರು ನೋಡುವ ನೋಟ. ಆಮೇಲೆ ಎರಡು ಸಲ ಬಡಿದರು. ಹೋಗಲಿ ಬಿಡು ಎಂದೋ, ಕಣ್ಣೆದುರಿನಿಂದ ಹೋಗು ಎಂದೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮರುದಿನ ರೇಷ್ಮಾ ಒಂದು ದಿನದ ಮಟ್ಟಿಗೆ ಕಾಲಿನಿಂದ ತುಳಿಯುವ ಪಂಪೊಂದನ್ನು ತಂದು ಮಾವನ ಪಕ್ಕ ಕೂತಳು; ನಾನು ಬೆಳಗಿನ ಬಸ್ಸಿಗೇ ದೊಡ್ಡ ಯಂತ್ರವನ್ನು ಹೊತ್ತು ಅದೇ ಅಂಗಡಿಗೆ ಹೋದೆ. "ಮನೆಗೆ," ಎಂದೆ, ಕೇಳುವ ಮೊದಲೇ. ಆಯಮ್ಮ ಚಿಕ್ಕದನ್ನು ಚಾಲೂ ಮಾಡಿದರು. ನಾನು ಅಂಗೈ ಇಡಲಿಲ್ಲ. ಜೇಬಿನಿಂದ ಮಾವನದರಂಥದೇ ಒಂದು ಸ್ಟೀಲ್ ಚಮಚ ತೆಗೆದು ಅವರ ಕೈಗೆ ಕೊಟ್ಟು, ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತು, "ಆ ಕಬ್ಬಿಣದ ಸ್ಟೂಲಿಗೆ ಒಂದು ಸಲ ಬಡೀರಿ, ಮೆತ್ತಗ," ಎಂದೆ.

"ಏನ್ ಸಾರ್ ಇದು?" ಎಂದರು. ಹೇಳಿದೆ. ಕೇಳಿ, ಬಡಿದರು. ಯಂತ್ರದ ಸದ್ದಿನ ಮೇಲೆ ಆ ಬಡಿತ ಸ್ಪಷ್ಟವಾಗಿ ಕೇಳಿಸಿತು. ಆವತ್ತು ದೊಡ್ಡದನ್ನು ಹಿಂತಿರುಗಿಸಿ, ಚೌಕಾಸಿಯ ಮಾತೇ ಎತ್ತದೆ, ಅವರು ಹೇಳಿದ ಬೆಲೆಯನ್ನೇ ಕೊಟ್ಟು ಬಂದೆ. ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೂ ಮೈಯಲ್ಲಿ ಏನೋ ಕಳೆದುಕೊಂಡಂತಿತ್ತು.

ಈಗ ಮಾವ ಸುಧಾರಿಸಿದ್ದಾರೆ. ಇಂಥ ಯಂತ್ರ ಬೇಕಾದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ, ನಾನೂ ಬೇಸರವಿಲ್ಲದೆ ಹೇಳುತ್ತೇನೆ. ಮೊನ್ನೆ ತಂಬ್ರಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅವಳ ತಂದೆಗೂ ಕುತ್ತಿಗೆಯಲ್ಲಿ ಕೊಳವೆ. ಮಾವನ ಮಂಚದ ಪಕ್ಕದಲ್ಲೇ ಕೂರಿಸಿ, ಚಮಚದ ಭಾಷೆ ಹೇಳಿ, ಬ್ಯಾಟರಿ ಎಷ್ಟು ಹೊತ್ತು ಬರಬೇಕು, ಜಾಡಿ ತೊಳೆಯಲು ಸಲೀಸಿರಬೇಕು, ಫಿಲ್ಟರು ಯಾವಾಗ ಬದಲಿಸಬೇಕು ಎಂದು ಶುರುಮಾಡಿದೆ. ಅಲ್ಲಿಂದ ಚೌಕಾಸಿಗೆ ಬಂದೆ, ಚೌಕಾಸಿಯಿಂದ ಹತ್ತು ಹೆಜ್ಜೆಗೆ. ಮಂಚದ ಕಂಬಿ ಟಣ್ ಎಂದಿತು. ಅಷ್ಟರಲ್ಲಿ ನನ್ನ ಮಾತು ಮೋಟರಿಗೆ ತಂತಿ ಸುತ್ತುತ್ತಿದ್ದ ಕಾಲಕ್ಕೆ ಹೋಗಿತ್ತು. ಮತ್ತೊಮ್ಮೆ ಟಣ್.

"ಅಣ್ಣಾರ, ಅಜ್ಜಾರು ನಿಲ್ಸು ಅನ್ನಕತ್ಯಾರ," ಎಂದಳು ಅವಳು, ಸೆರಗು ಬಾಯಿಗೆ ಹಿಡಿದು.

ಯಂತ್ರದ ಕಡೆ ನೋಡಿದೆ. ಆರಿಸಿಯೇ ಇತ್ತು. ಕೋಣೆಯಲ್ಲಿ ಅಷ್ಟು ಹೊತ್ತು ಸದ್ದು ಮಾಡುತ್ತಿದ್ದವನು ನಾನೊಬ್ಬನೇ.