ಕಿಲ್‌ಹಾರ್ಡಿಯ ಸಂಜೆಯ ವರ್ಗಾವಣೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ: ನಾನು ಸಮಿತಿಯ ನಡಾವಳಿ ಬರೆಯುವವನು, ಕಥೆ ಹೇಳಿ ಅಭ್ಯಾಸವಿಲ್ಲ. ಎಲ್ಲಿ ಬಿಡಿಸಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂದು ತಿಳಿಯದೆ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ವಿಷಯವಿಷ್ಟು. ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಕಿಲ್‌ಹಾರ್ಡಿ ಗ್ರಾಮ ಭವನದಲ್ಲಿ ಸಂಜೆಯು ಈಗ ಬೆಳಗಿನ ಏಳು ಗಂಟೆಗೆ ಆರಂಭವಾಗುತ್ತದೆ. ಇದು ಕ್ರಮಬದ್ಧವಾಗಿಯೇ ಆದದ್ದು. ದಾಖಲೆ ಇದೆ.

ಶುರುವಾದದ್ದು ಟಾರ್ಕಿಲ್ ಮೊವಾಟರ ಸೊಂಟದಿಂದ. ಜನವರಿಯ ಕೊನೆಯ ಶುಕ್ರವಾರಕ್ಕೆ ಅವರಿಗೂ ಇಸ್ಬೆಲ್‌ಗೂ ಮದುವೆಯಾಗಿ ಐವತ್ತು ವರ್ಷ. ಮದುವೆಯ ದಿನ ಇದೇ ಭವನದಲ್ಲಿ ಕುಣಿದಿದ್ದರು. ಅಲ್ಲೇ ಇನ್ನೊಂದು ಸಲ ಕುಣಿಯಬೇಕು ಎನ್ನುವುದು ಇಸ್ಬೆಲ್‌ಳ ಆಸೆ. ಆದರೆ ಟಾರ್ಕಿಲ್ಲರ ಸೊಂಟ ಚಳಿಯಲ್ಲಿ ತುಕ್ಕು ಹಿಡಿದ ಗೇಟಿನಂತೆ ಅರ್ಧಕ್ಕೇ ನಿಲ್ಲುತ್ತಿತ್ತು. ಭವನವೋ ಕಲ್ಲಿನದು. ಸಾಲದ್ದಕ್ಕೆ ವಿಮೆಯ ನಿಯಮ ಹೀಗಿತ್ತು: ‘ಉಷ್ಣಾಂಶ ಹದಿನಾರು ಡಿಗ್ರಿಗಿಂತ ಕಡಿಮೆ ಇರುವಾಗ ಎಪ್ಪತ್ತು ದಾಟಿದವರು ಕುಣಿಯತಕ್ಕದ್ದಲ್ಲ, ನಿಂತಲ್ಲೇ ಚಪ್ಪಾಳೆ ತಟ್ಟಬಹುದು.’

ಹಾಗಾಗಿ ನವೆಂಬರಿನ ಸಭೆಗೆ ಇಸ್ಬೆಲ್ ಎರಡು ಸ್ವೆಟರ್ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಅವಳೂ ಸಮಿತಿಯ ಸದಸ್ಯೆಯೇ. ಚರ್ಚೆಯ ವಿಷಯ: ಶಾಖ ಕೂಡಿಡುವ ವಿದ್ಯುತ್ ಹೀಟರ್‌ಗಳನ್ನು ಆರು ಕಡೆ ಹಾಕಿಸಿದರೆ ಕೊಟ್ಟ ದುಡ್ಡಿಗೆ ಸಾರ್ಥಕವೇ? ಹೀಟರ್ ಎಂದರೆ ಒಳಗೆ ಇಟ್ಟಿಗೆ ಜೋಡಿಸಿದ ಕಬ್ಬಿಣದ ಪೆಟ್ಟಿಗೆ. ಊರು ಮಲಗಿದಾಗ ಅಗ್ಗದ ಕರೆಂಟು ಕುಡಿದು ಇಟ್ಟಿಗೆ ಕಾಯುತ್ತದೆ, ಹಗಲೆಲ್ಲ ಆ ಬಿಸಿ ಬಿಡುತ್ತದೆ. ಪರೀಕ್ಷೆಗೆಂದು ಒಂದನ್ನು ಆಗಲೇ ಚಿಕ್ಕ ಕೋಣೆಯಲ್ಲಿ ಇಟ್ಟಾಗಿತ್ತು.

ಅಧ್ಯಕ್ಷ ಫಾರ್ಕರ್ ಗಿಲಿಸ್ ಎದ್ದು, ಹೀಟರ್ ಮಾರುವವನೂ ಅದರ ಪರೀಕ್ಷೆ ಮಾಡಿದವನೂ ತನ್ನ ಭಾವಮೈದ ಡಗಲ್ ಆದ್ದರಿಂದ, ಸ್ವಹಿತದ ನಿಯಮದ ಪ್ರಕಾರ ತಾನು ಹೊರಗೆ ಹೋಗುವುದಾಗಿ ಘೋಷಿಸಿ ಹೋದರು. ಎರಡು ನಿಮಿಷಕ್ಕೆ ಹಲ್ಲು ಕಟಕಟಿಸುತ್ತಾ ವಾಪಸು ಬಂದರು.

“ಹೊರಗೆ ಸಿಕ್ಕಾಪಟ್ಟೆ ಚಳಿ ಕಣ್ರೀ.”

ಇದನ್ನು ಹೀಟರಿನ ಅಗತ್ಯಕ್ಕೆ ಸ್ವತಂತ್ರ ಸಾಕ್ಷ್ಯವೆಂದು ಬರೆದುಕೊಳ್ಳಲಾಯಿತು.

ಡಗಲ್ ವರದಿ ಓದಿದ: “ಮೂವತ್ತು ದಿನ, ಪ್ರತಿದಿನ ಬೆಳಗ್ಗೆ ಏಳಕ್ಕೆ ಅಳೆದಿದ್ದೀನಿ. ಸರಾಸರಿ ಇಪ್ಪತ್ತೆರಡು ಡಿಗ್ರಿ. ಸಂಪೂರ್ಣ ಸಾರ್ಥಕ.”

“ಬೆಳಗ್ಗೆ ಏಳಕ್ಕೆ ಇಲ್ಲಿ ಯಾರಿರ್ತಾರೋ?” ಎಂದಳು ಇಸ್ಬೆಲ್.

“ನಾನಿರ್ತಿದ್ದೆ. ತುಂಬಾ ಹಿತವಾಗಿತ್ತು.”

“ಸಂಜೆ ಏಳಕ್ಕೆ ಎಷ್ಟಿತ್ತು?”

“ನಮೂನೆಯಲ್ಲಿ ದಿನಕ್ಕೆ ಒಂದೇ ಖಾನೆ ಇರೋದು, ಇಸ್ಬೆಲ್.”

ಆಗ ಬೇಕರಿಯ ಮೋರಾಗ್ ಬಾಯಿ ಬಿಟ್ಟಳು. ಸಂಜೆ ಹೆಣಿಗೆ ತರಗತಿಗೆ ಬಂದಾಗ ತಾನೇ ನೋಡಿದ್ದಳಂತೆ: ಒಂಬತ್ತು ಡಿಗ್ರಿ, ಪೆಟ್ಟಿಗೆಯ ಮೇಲೆ ಮಲಗಿದ್ದ ಬೆಕ್ಕು ಕೂಡ ಎದ್ದು ಹೋಗಿತ್ತು.

“ವರದಿ ತಿದ್ದೋಕಾಗಲ್ಲ, ಅನುದಾನಕ್ಕೆ ಕಳಿಸಿ ಆಯ್ತು,” ಎಂದರು ಅಧ್ಯಕ್ಷರು. “ಮಂಜೂರೂ ಆಗಿದೆ. ‘ಶಾಖವಿರುವ ಹೊತ್ತಿನಲ್ಲಿ ಭವನವನ್ನು ಬಳಸತಕ್ಕದ್ದು’ ಅಂತ ಒಂದು ಷರತ್ತು, ಅಷ್ಟೇ.”

ಇಸ್ಬೆಲ್‌ಗೆ ಐವತ್ತು ವರ್ಷದ ಆಸೆ ಕಣ್ಣೆದುರೇ ತಣ್ಣಗಾಗುವುದು ಕಂಡಿತು. ಕೈಚೀಲ ಎತ್ತಿಕೊಂಡು ಎದ್ದುನಿಂತು ಕೂಗಿದಳು: “ಹಾಗಾದ್ರೆ ಬೆಳಗ್ಗೆ ಏಳಕ್ಕೇ ಸಂಜೆ ಮಾಡ್ಕೊಂಡು ಕುಣೀರಯ್ಯಾ!”

“ಅನುಮೋದಿಸ್ತೀನಿ,” ಎಂದರು ಹಿಂದಿನ ಸಾಲಿನ ಹ್ಯಾಮಿಶ್.

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಸಮಿತಿಗಳಲ್ಲಿ ಎದ್ದುನಿಂತು ‘ಹೀಗೆ ಮಾಡಿ’ ಎಂದು ಯಾರೇ ಹೇಳಿದರೂ ಅದು ಸೂಚನೆ. ಇನ್ನೊಬ್ಬರು ಅನುಮೋದಿಸಿದರೆ ಮತಕ್ಕೆ ಹೋಗುತ್ತದೆ. ಸಿಟ್ಟಿನಲ್ಲಿ ಹೇಳಿದ್ದು, ಅಣಕಕ್ಕೆ ಹೇಳಿದ್ದು ಎಂದು ಬರೆಯಲು ನಡಾವಳಿ ಪುಸ್ತಕದಲ್ಲಿ ಜಾಗವಿಲ್ಲ. ಹ್ಯಾಮಿಶ್ ಮೂವತ್ತು ವರ್ಷದಿಂದ ಬಂದ ಸೂಚನೆಯನ್ನೆಲ್ಲ ಅನುಮೋದಿಸುತ್ತಿದ್ದಾರೆ. ಬೇಗ ಮುಗಿದರೆ ಚಹಾ ಬೇಗ ಬರುತ್ತದೆ.

“ಅಯ್ಯೋ, ನಾನು ತಮಾಷೆಗೆ ಅಂದಿದ್ದು, ವಾಪಸ್ ತಗೋತೀನಿ!”

“ಅನುಮೋದಕರು ಒಪ್ಪಬೇಕಲ್ಲ, ಇಸ್ಬೆಲ್,” ಎಂದರು ಅಧ್ಯಕ್ಷರು.

ಅನುಮೋದಕರು ಚಹಾಕ್ಕೆ ಹೋಗಿದ್ದರು. ಸೂಚನೆ ಆರು ಮತಗಳಿಂದ ಪಾಸಾಯಿತು. ಇಸ್ಬೆಲ್‌ಳದೂ ಅದರಲ್ಲಿ ಒಂದು. ಸೂಚಿಸಿದವರೇ ವಿರುದ್ಧ ಮತ ಹಾಕುವುದು ಸಭ್ಯತೆಯಲ್ಲ.

ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು: ‘ಭವನದ ಒಳಗೆ ಬೆಳಗಿನ ಏಳು ಗಂಟೆಯನ್ನು ಸಂಜೆಯ ಏಳು ಎಂದು ಪರಿಗಣಿಸತಕ್ಕದ್ದು. ಒಳಬರುವವರು ಶುಭಸಂಜೆ ಹೇಳತಕ್ಕದ್ದು. ಹೊಸ್ತಿಲಲ್ಲಿ ನಿಂತವರಿಗೆ ಯಾವ ಹೊತ್ತು ಅನ್ವಯಿಸುತ್ತದೆ ಎಂಬುದನ್ನು ಉಪಸಮಿತಿ ಪರಿಶೀಲಿಸುತ್ತಿದೆ.’

“ಏನೇ ಇದು, ಗಂಜಿ ಕುಡಿಯೋ ಹೊತ್ತಲ್ಲಿ ಕುಣಿತವಾ?” ಎಂದು ಟಾರ್ಕಿಲ್ ಮನೆಯಲ್ಲಿ ನಕ್ಕರು.

“ನನ್ನ ಕೇಳ್ಬೇಡಿ. ನಾನೇ ಸೂಚಿಸಿದ್ದಂತೆ,” ಎಂದಳು ಇಸ್ಬೆಲ್.

ಕ್ರಿಸ್‌ಮಸ್‌ಗೆ ಮೊದಲೇ ಆರೂ ಹೀಟರ್ ಬಂದವು. ಜನವರಿಯ ಕೊನೆಯ ಶುಕ್ರವಾರ ಬೆಳಗ್ಗೆ ಏಳಕ್ಕೆ ಊರೆಲ್ಲ ನೆರೆಯಿತು. ಚಳಿಗಾಲದಲ್ಲಿ ಇಲ್ಲಿ ಎಂಟೂವರೆಯಾಗದೆ ಬೆಳಕು ಹರಿಯುವುದಿಲ್ಲ. ಹೊರಗೆ ಗವ್ವೆನ್ನುವ ಕತ್ತಲೆ, ಹೀಗಾಗಿ ಯಾರಿಗೂ ತಕರಾರಿರಲಿಲ್ಲ. ಪಾದ್ರಿಗಳು ಶುಭಸಂಜೆ ಹೇಳಿ ಗಂಜಿಗೆ ವಿಸ್ಕಿ ಬೆರೆಸಿಕೊಂಡರು. ಪಿಟೀಲಿನವನು ಆಕಳಿಸುತ್ತಲೇ ಶ್ರುತಿ ಕೂಡಿಸಿದ. ಉಷ್ಣಾಂಶ ಇಪ್ಪತ್ತೆರಡು. ಟಾರ್ಕಿಲ್ ಕೋಲನ್ನು ಹೀಟರಿಗೆ ಒರಗಿಸಿ, ಕೈ ಬಿಟ್ಟು ನಿಂತರು. ಇಸ್ಬೆಲ್ ಅವರ ಸೊಂಟವನ್ನೇ ನೋಡಿದಳು. ಅವರು ಬಗ್ಗಿ ಅವಳಿಗೆ ವಂದಿಸಿದರು, ಪೂರ್ತಿ ಬಗ್ಗಿ, ಮತ್ತೆ ತಾವೇ ಎದ್ದರು.

ಅವಳು ಡಗಲ್‌ನತ್ತ ತಿರುಗಿ, “ಸಾರ್ಥಕ ಅಂತ ಬರ್ಕೋ, ಕಳ್ಳ ನನ್ಮಗನೇ,” ಎಂದಳು. ಬರೆದುಕೊಳ್ಳಲಾಯಿತು.

ಇನ್ನು ಉಳಿದದ್ದು ಜೂನ್ ತಿಂಗಳ ಪ್ರಶ್ನೆ. ಆಗ ಇಲ್ಲಿ ಸೂರ್ಯ ನಾಲ್ಕಕ್ಕೇ ಏಳುತ್ತಾನೆ. ಅಷ್ಟು ಬೆಳಕಿನಲ್ಲಿ ಏಳು ಗಂಟೆಯನ್ನು ಸಂಜೆ ಎನ್ನುವುದಕ್ಕೆ ಕಪ್ಪು ಪರದೆಗಳು ಬೇಕಾಗುತ್ತವೆ. ಅದಕ್ಕೆ ಬೇರೆಯೇ ಅನುದಾನ, ಡಗಲ್‌ನ ತಂಗಿಯ ಪರದೆಯ ಅಂಗಡಿ ಆಗಲೇ ಪರೀಕ್ಷೆ ಶುರುಮಾಡಿದೆ; ಅದರ ನಮೂನೆಯಲ್ಲೂ ದಿನಕ್ಕೆ ಒಂದೇ ಖಾನೆ, ಆ ಖಾನೆಯನ್ನು ಯಾವ ಹೊತ್ತಿನಲ್ಲಿ ತುಂಬುತ್ತಾರೆಂದರೆ—

“ಲೋ, ಬರೆದಿದ್ದು ಸಾಕು, ಬಾರೋ! ಈ ಕುಣಿತಕ್ಕೆ ಎಂಟು ಜನ ಬೇಕು, ಏಳೇ ಜನ ಇದ್ದೀವಿ. ಇವರ ಸೊಂಟ ಆರೋದ್ರೊಳಗೆ ಬಾ!”

ಇಸ್ಬೆಲ್ ಕರೆಯುತ್ತಿದ್ದಾಳೆ. ಶುಭಸಂಜೆ.