ಎಲ್ಲುಂಡಿ ಹೊರಡುವ ರೈಲು

ನನಗೊಬ್ಬಳು ಸವತಿ ಇದ್ದಳು. ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನನಗಿಂತ ಎತ್ತರ, ನನಗಿಂತ ಸಪೂರ, ಬಣ್ಣದಲ್ಲೂ ಒಂದು ಕೈ ಮೇಲು. ಕೂದಲಂತೂ ಕೇಳಲೇಬೇಡಿ! ನಮ್ಮ ಯಜಮಾನರು ಪ್ರತಿ ಶನಿವಾರ ಬ್ಯಾಂಕಿನ ಅರ್ಧ ದಿನದ ಕೆಲಸ ಮುಗಿಸಿ ಬಂದವರೇ ಅವಳ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹೆಂಡತಿಯ ಕಣ್ಣೆದುರಿಗೇ! ಸಮಾಧಾನದ ಸಂಗತಿ ಒಂದೇ: ಅವಳಿಗೆ ನಾಲ್ಕು ಕಾಲಿದ್ದವು. ಸಮಾಧಾನ ಅಂದೆನೇ? ನಾಲ್ಕೂ ಕಾಲು ಚೆನ್ನಾಗಿದ್ದವು, ಅದೇ ನನ್ನ ಸಂಕಟ.

ನಾವು ಧಾರವಾಡದ ಕಡೆಯವರು. ಎಂಬತ್ತರ ದಶಕದ ನಡುವೆ ಇವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಮನೆ ಹಿಡಿದೆವು. ಬಂದ ಮೊದಲ ಭಾನುವಾರ ಸಮುದ್ರದ ದಂಡೆಗೆ ಹೋಗಿ ಮುರಿ ಮಿಕ್ಸ್ಚರ್ ತಿಂದೆವು. ಮಂಡಕ್ಕಿ ಕಲಸಿದ್ದು, ನಮ್ಮ ಗಿರ್ಮಿಟ್ಟಿನ ತಂಗಿ ಅನ್ನಿ, ಅಂಥದ್ದು. ತಿಂದು ಮುಗಿಸಿ ನಾನು ಪೊಟ್ಟಣದ ಕಾಗದ ಬಿಸಾಡಿದೆ. ಇವರು ತಮ್ಮದನ್ನು ಬಿಡಿಸಿ ಓದಿದರು. ಅಲ್ಲಿಂದ ನನ್ನ ಸಂಸಾರ ಕೆಟ್ಟಿತು.

ಅದು ಯಾವುದೋ ವಿದೇಶೀ ಪತ್ರಿಕೆಯ ಬಣ್ಣದ ಪುಟ. ಗುಡ್ಡದ ತುಂಬ ದ್ರಾಕ್ಷಿ ಬಳ್ಳಿ, ಫಳಫಳ ಹೊಳೆಯುವ ಬಿಸಿಲು (ಹೊಳಪಿನಲ್ಲಿ ಅರ್ಧ ಮಿಕ್ಸ್ಚರಿನ ಎಣ್ಣೆಯದು), ಕೈಯಲ್ಲಿ ವೈನಿನ ಗ್ಲಾಸು ಹಿಡಿದ ಟೋಪಿಯ ಜನ, ಎಲ್ಲರಿಗಿಂತ ಮುಂದೆ ಒಂದು ಕಂದು ಕುದುರೆ. ವಾರದ ಕೊನೆಯ ಎರಡು ದಿನ ಇಲ್ಲಿಗೆ ಬನ್ನಿ, ಬಿಸಿಲು ಕಾಯಿರಿ, ವೈನ್ ಕುಡಿಯಿರಿ, ಕುದುರೆ ಓಡುವುದನ್ನು ನೋಡಿ ಎಂದು ಇಂಗ್ಲಿಷಿನಲ್ಲಿ ಕರೆದಿದ್ದರು. ಎಲ್ಲಿಗೆ? ಊರಿನ ಹೆಸರಿನ ಮೇಲೆ ಹಸಿಮೆಣಸಿನಕಾಯಿಯ ತುಂಡೊಂದು ಅಂಟಿತ್ತು. ಇವರು ಅದನ್ನು ಕಿತ್ತರೆ ಹೆಸರೂ ಅದರ ಜೊತೆಗೇ ಬಂದುಬಿಟ್ಟಿತು.

“ನಾವೂ ಹಿಂಗ ಒಮ್ಮೆ ಹೋಗೂಣು,” ಅಂದರು. “ಅಕಿ ಹೆಂಗ ನಿಂತಾಳ ನೋಡು!”

“ಅಕಿ ಅಂದ್ರ? ಕುದುರಿ ಹಿಡಕೊಂಡಾಕೇನು?”

“ಅಲ್ಲ, ಕುದುರಿ.”

“ಗಂಡೋ ಹೆಣ್ಣೋ ನಿಮಗ ಹೆಂಗ ಗೊತ್ತಾತ್ರಿ?”

“ಕಣ್ಣು ನೋಡಿದ್ರ ಗೊತ್ತಾಗೂದಿಲ್ಲೇನು?”

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ನನ್ನ ಕಣ್ಣು ನೋಡಿ ಇವರಿಗೆ ಗೊತ್ತಾದದ್ದೇನು ಎಂದು ನಾನು ದಾರಿಯುದ್ದಕ್ಕೂ ಯೋಚಿಸಿದೆ. ಏನೂ ನೆನಪಾಗಲಿಲ್ಲ.

ಇಷ್ಟಕ್ಕೂ ಇವರೇನು ಕುಡಿಯುವವರೇ? ಕೆಮ್ಮಿನ ಔಷಧಿಯಲ್ಲಿ ಆಲ್ಕೋಹಾಲ್ ಇರುತ್ತದೆ ಎಂದು ಶುಂಠಿ ಕಷಾಯ ಕುಡಿದವರು. ಜೂಜಾಡುವವರೇ? ಇಸ್ಪೀಟಿನಲ್ಲಿ ಹುಣಸೆಬೀಜ ಕಟ್ಟಿದರೂ ಎದ್ದು ಹೋಗುವವರು. ಮತ್ತೇಕೆ ಈ ಹುಚ್ಚು ಎಂದರೆ, “ನೋಡಾಕ,” ಎನ್ನುತ್ತಿದ್ದರು. ಅದಕ್ಕೆ ಏನು ಹೇಳುತ್ತೀರಿ?

ಪುಟವನ್ನು ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದರು. ನಾನು ಸೀರೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಳು. ಆ ಊರು ಸಿಗದಿದ್ದರೇನಂತೆ, ಹೈದರಾಬಾದಿನಲ್ಲಿ ಕುದುರೆ ಓಡುತ್ತವೆ, ಸುತ್ತಮುತ್ತ ದ್ರಾಕ್ಷಿ ತೋಟಗಳಿವೆ, ಬಿಸಿಲಿಗಂತೂ ಬರವಿಲ್ಲ ಎಂದು ಇವರು ಲೆಕ್ಕ ಹಾಕಿದರು. ಶನಿವಾರ ಸಂಜೆ ರೈಲು ಹತ್ತುವುದು, ಭಾನುವಾರ ಬೆಳಿಗ್ಗೆ ತೋಟ, ಮಧ್ಯಾಹ್ನ ಕುದುರೆ, ಸಂಜೆ ವಾಪಸು ರೈಲು, ಸೋಮವಾರ ನೆಟ್ಟಗೆ ಬ್ಯಾಂಕಿಗೆ. ಶುಕ್ರವಾರ ಟಿಕೆಟ್ ತರಲು ಹೋದರು. ಬರುವಾಗ ಮುಖ ಊರಗಲ ಆಗಿತ್ತು.

“ಕೇಳಿಲ್ಲಿ! ಈ ಊರಾಗ ರೇಲ್ವೆಯವರು ಎಂಥಾ ದೊಡ್ಡ ಮಂದಿ! ಅಂವಾ ಏನೇನೋ ತೆಲುಗಿನ್ಯಾಗ ಅಂದಾ. ಆಮ್ಯಾಲೆ ನನ್ನ ಮಾರಿ ನೋಡಿ ‘ಎಲ್ಲುಂಡಿ?’ ಅಂತ ಕೇಳಿದಾ. ಏಕವಚನದಾಗ ಕೇಳಿದಾ ಖರೆ, ಆದ್ರ ಎಷ್ಟು ಪ್ರೀತಿಲೆ!”

“ನೀವೇನಂದ್ರಿ?”

“ಮನ್ಯಾಗ ಉಂಡು ಬಂದೇನ್ರಿ, ರೊಟ್ಟಿ, ಬದನಿಕಾಯಿ ಎಣಗಾಯಿ ಅಂದೆ. ಅಂವಾ ಗೋಣು ಹಾಕಿ ಟಿಕೇಟ ಕೊಟ್ಟಾ.”

ನನಗೆ ತಡೆಯಲಾಗಲಿಲ್ಲ. “ಗುರ್ತಿಲ್ಲದ ಅಂವಾ ಕೇಳಿದ. ನೀವು ಇಷ್ಟು ವರ್ಷದಾಗ ಒಮ್ಮೆರ ನನಗ ಉಂಡಿಯೇನು ಅಂತ ಕೇಳೀರೇನು?”

“ಅಡಿಗಿ ಮಾಡಾಕಿ ನೀನ. ನಿನಗೇನು ಕೇಳೂದು?” ಅಂದರು. ತಮಾಷೆಗೆ ಅಂದದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಅಂದದ್ದು!

ಮರುದಿನ ಸಂಜೆ ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆವು. ನಮ್ಮ ಸೀಟಿನಲ್ಲಿ ಬೇರೊಬ್ಬ ಗಂಡಹೆಂಡತಿ ಆರಾಮಾಗಿ ಕೂತಿದ್ದರು. ಟಿಕೆಟ್ ಪರೀಕ್ಷಕರು ನಮ್ಮ ಟಿಕೆಟನ್ನು ಎರಡು ಸಲ ತಿರುಗಿಸಿ ನೋಡಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ತೆಲುಗಿನಲ್ಲಿ ಎಲ್ಲುಂಡಿ ಎಂದರೆ ನಾಡಿದ್ದು! ನಾಳೆ ಜಾಗವಿಲ್ಲ, ನಾಡಿದ್ದು ಕೊಡಲೇ ಎಂದು ಕೌಂಟರಿನವನು ಕೇಳಿದ್ದ. ಇವರು ಎಣಗಾಯಿ ಎಂದಿದ್ದರು. ಹೋಗುವ ಟಿಕೆಟ್ ಭಾನುವಾರ ಸಂಜೆಯದು, ಬರುವ ಟಿಕೆಟ್ಟೂ ಭಾನುವಾರ ಸಂಜೆಯದೇ. ಎರಡೂ ರೈಲು ಹತ್ತಲು ಸಾಧ್ಯವಿದ್ದಿದ್ದರೆ ನಡುದಾರಿಯಲ್ಲಿ ನಾವು ನಮಗೇ ಕೈಬೀಸಬಹುದಿತ್ತು.

ರೈಲು ಹೋಯಿತು. ಇವರು ಬೆಂಚಿನ ಮೇಲೆ ಸಪ್ಪಗೆ ಕೂತರು. ಕುದುರೆ ತಪ್ಪಿತಲ್ಲ ಎಂಬ ದುಃಖ ಎಂದುಕೊಂಡಿರಾ? “ಹಂಗಾದ್ರ ಅಂವಾ ಊಟಾ ಕೇಳಲೇ ಇಲ್ಲೇನು?” ಅಂದರು. ಬುತ್ತಿ ಬಿಚ್ಚಿದೆ. ನಾಲ್ಕು ರೊಟ್ಟಿ ತಿಂದರು. ನನಗೆ ಉಳಿಯಿತೋ ಇಲ್ಲವೋ ಎಂದು ಮಾತ್ರ ನೋಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲುಂಡಿ ಎಂಬುದು ಪಕ್ಕಾ ತೆಲುಗು ಮಾತಾಯಿತು. ಹೈದರಾಬಾದಿಗೆ ಯಾವಾಗ ಎಂದರೆ ಎಲ್ಲುಂಡಿ. ಸೀರೆ ಯಾವಾಗ, ಅದಕ್ಕೂ ಎಲ್ಲುಂಡಿ. ಸೋರುವ ನಲ್ಲಿಗೂ ಎಲ್ಲುಂಡಿ.

ಪ್ರಯಾಣ ನಿಂತಿತೇ ಹೊರತು ತಯಾರಿ ನಿಲ್ಲಲಿಲ್ಲ. ಚಿತ್ರದ ಜನರಂತೆ ಒಂದು ಹುಲ್ಲಿನ ಟೋಪಿ ಕೊಂಡರು. ಟೋಪಿ ಹಾಕಿಕೊಂಡು ಕುದುರೆಯ ಪಕ್ಕ ನಿಲ್ಲುವ ಅಭ್ಯಾಸವಾಗಬೇಕಂತೆ! ಅದಕ್ಕೆ ಪ್ರತಿ ಭಾನುವಾರ ದಂಡೆಗೆ ಹೊರಟರು. ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಒಂದು ಮುದಿ ಕುದುರೆ ಇತ್ತು. ಅದೂ ಹೆಣ್ಣೇ, ನನ್ನ ಕರ್ಮ! ಇವರು ಹತ್ತಲಿಲ್ಲ, ಹತ್ತಿದರೆ ಅದಕ್ಕೆ ನೋವಾಗುತ್ತದಂತೆ. ನನ್ನ ಡಬ್ಬಿಯಿಂದ ಬೆಲ್ಲ ಒಯ್ದು ತಿನ್ನಿಸಿ, ಕತ್ತು ಸವರಿ, ಕಿವಿಯಲ್ಲಿ ಕನ್ನಡ ಮಾತಾಡಿ ಬರುತ್ತಿದ್ದರು.

ಒಂದು ಭಾನುವಾರ ನಾನೂ ಹಟ ಹಿಡಿದು ಜೊತೆಗೆ ಹೋದೆ. ಇವರು ನನ್ನ ಕಣ್ಣೆದುರೇ ಅದರ ಮೂತಿಯ ಹತ್ತಿರ ಬಗ್ಗಿ ಕೇಳಿದರು: “ಏನವಾ, ಮುಂಜಾನಿಂದ ಏನರ ತಿಂದಿಯೇನು?”

ಓದುಗರೇ, ನೀವೇ ನ್ಯಾಯ ಹೇಳಿ. ಕುದುರೆಗೆ ಕೇಳಿದರು!

ಕುದುರೆ ಉತ್ತರ ಕೊಟ್ಟಿತು. ಕತ್ತು ಚಾಚಿ ಇವರ ಟೋಪಿಯ ಅಂಚನ್ನು ಕಚ್ಚಿ, ಕಾಲುಭಾಗ ನಿಧಾನವಾಗಿ ಜಗಿದು ನುಂಗಿತು. ನಾನು ಆ ಊರಿಗೆ ಬಂದ ಮೇಲೆ ಮೊದಲ ಸಲ ಮನಸ್ಸು ಬಿಚ್ಚಿ ನಕ್ಕೆ. ಇವರೋ, “ಹಸಿದಿತ್ತು ಪಾಪ,” ಎನ್ನುತ್ತ ಉಳಿದ ಮುಕ್ಕಾಲು ಟೋಪಿಯನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ಬಂದರು. ಅದನ್ನೂ ಕೊಡಲಿಲ್ಲವಲ್ಲ, ಅದು ಅವರ ಜಿಪುಣತನವೆಂದು ನಾನು ಅಂದುಕೊಂಡೆ. ಪ್ರಯಾಣದ ಆಸೆ ಇನ್ನೂ ಬಿಟ್ಟಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಎಷ್ಟೋ ವರ್ಷದ ಮೇಲೆ ವಿಜಯವಾಡಕ್ಕೆ ವರ್ಗವಾಯಿತು. ಬೀರುವಿನೊಳಗೆ ಕೂತು ಸವತಿಯೂ ಬಂದಳು. ಹೈದರಾಬಾದು ಹತ್ತಿರವಾಯಿತು, ಈಗಲಾದರೂ ಹೊರಡೋಣ ಎಂದರೆ, “ಮೊದಲ ವೈನ್ ಅಂದ್ರ ಏನಂತ ತಿಳಕೋಬೇಕು,” ಎಂದು ಹೊಸ ರಾಗ. ಉಪ್ಪಿನಕಾಯಿ ಜಾಡಿಗೆ ಕಪ್ಪು ದ್ರಾಕ್ಷಿ, ಸಕ್ಕರೆ ತುಂಬಿ, ಬಟ್ಟೆ ಬಿಗಿದು ಮಂಚದ ಕೆಳಗಿಟ್ಟರು. ಕುಡಿಯಲು ಅಲ್ಲವಂತೆ, ವಾಸನೆ ನೋಡಲು! ಆ ಹೊತ್ತಿಗೆ ರಾಜ್ಯದಲ್ಲಿ ಪಾನನಿಷೇಧ ಬಂತು. ಕೆಮ್ಮಿನ ಔಷಧಿ ಮುಟ್ಟದ ಮನುಷ್ಯನ ಮಂಚದ ಕೆಳಗೆ ಒಂದು ಜಾಡಿ ಹೆಂಡ! ವಿಜಯವಾಡದ ಬೇಸಿಗೆ ಗೊತ್ತಲ್ಲ? ಒಂದು ಮಧ್ಯಾಹ್ನ ಬಟ್ಟೆ ಹಾರಿ, ಜಾಡಿ ಉಕ್ಕಿ, ಮನೆಯೆಲ್ಲ ಘಮಘಮ. ಪಕ್ಕದ ಮನೆಯ ತೆಲುಗಿನ ಯಜಮಾನರು ಬಾಗಿಲಿಗೇ ಬಂದರು.

“ಏಮಂಡಿ ಈ ವಾಸನ?”

ಏನ್ರೀ ಈ ವಾಸನೆ ಎಂದು ಕೇಳಿದ್ದಕ್ಕೆ ಇವರು ಹಣೆ ಒರೆಸಿಕೊಂಡು, “ಆವಕಾಯ ಅಂಡಿ,” ಅಂದರು. ಮಾವಿನ ಉಪ್ಪಿನಕಾಯಿಯಂತೆ! ಪಕ್ಕದ ಮನೆಯವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡು, ದನಿ ತಗ್ಗಿಸಿದರು. “ಮಾಕೂ ಕೊಂಚೆಂ ಇಸ್ತಾರಾ?” ನಮಗೂ ಸ್ವಲ್ಪ ಕೊಡ್ತೀರಾ? ಜಾಡಿ ಸಮೇತ ಕೊಟ್ಟು ಕೈ ತೊಳೆದುಕೊಂಡೆವು. ಅವರು ಜಾಡಿ ತೊಳೆದು ವಾಪಸು ಕೊಡುವಾಗ, ಮುಂದಿನ ಆವಕಾಯ ಯಾವಾಗ ಎಂದು ಕೇಳಿದರು.

“ಎಲ್ಲುಂಡಿ,” ಅಂದರು ಇವರು.

ಇನ್ನು ಹೇಳುವುದು ಹೆಚ್ಚಿಲ್ಲ. ಮುಂದಿನ ಬೇಸಿಗೆಯಲ್ಲಿ ಇವರಿಗೆ ಎದೆನೋವು ಬಂದು ಆಸ್ಪತ್ರೆ ಸೇರಿಸಿದೆವು. ಅಲ್ಲಿ ಒಬ್ಬಳು ಸಿಸ್ಟರ್ ಇದ್ದಳು, ತೆಲುಗಿನ ಹುಡುಗಿ. ನಾನು ಗಂಟೆಗಟ್ಟಲೆ ಬೇಡಿಕೊಂಡರೂ ಬಾಯಿ ತೆರೆಯದವರು ಅವಳ ಕೈಯಿಂದ ಮೂರು ಚಮಚ ಮೊಸರನ್ನ ತಿಂದರು. ಅವಳಿಗೆ ಬಿಸಿಲು, ದ್ರಾಕ್ಷಿ, ಕುದುರೆ ಎಲ್ಲ ವರ್ಣಿಸಿದರು. ನನ್ನನ್ನೂ ಕರಕೊಂಡು ಹೋಗಿ ಸಾರ್ ಎಂದಳು ಅವಳು. ಇವರು “ತಪ್ಪಕುಂಡಾ,” ಖಂಡಿತ ಅಂದರು! ಆ ಪೊಟ್ಟಣ ಬಿಡಿಸಿದ ದಿನದಿಂದ ಸಾಲಿನಲ್ಲಿ ನಿಂತವಳು ನಾನು!

ಮೂರನೆಯ ದಿನ ಮಧ್ಯಾಹ್ನ ಮಂಚದ ಆ ಕಡೆ ಅವಳು ಸಲೈನ್ ಸರಿಮಾಡುತ್ತಿದ್ದಳು, ಈ ಕಡೆ ನಾನು ಕೂತಿದ್ದೆ. ಇವರು ಅರ್ಧ ಕಣ್ಣು ತೆರೆದರು. ಅವಳ ಕಡೆ ನೋಡಿದರೋ, ನನ್ನ ಕಡೆಯೋ, ಮೇಲಿನ ಫ್ಯಾನಿನ ಕಡೆಯೋ ಗೊತ್ತಾಗಲಿಲ್ಲ. ಮೆಲ್ಲಗೆ ಕೇಳಿದರು:

“ಎಲ್ಲುಂಡಿ?”

“ಅವುನು ಸಾರ್, ಎಲ್ಲುಂಡಿ ಇಂಟಿಕಿ ವೆಳ್ಳಿಪೋವಚ್ಚು,” ಅಂದಳು ಸಿಸ್ಟರ್. ಹೌದು, ನಾಡಿದ್ದು ಮನೆಗೆ ಹೋಗಬಹುದು.

“ಇಲ್ಲೇ ಕ್ಯಾಂಟೀನಿನ್ಯಾಗ ಉಂಡೇನ್ರಿ,” ಅಂದೆ ನಾನು.

ಇಬ್ಬರೂ ಒಟ್ಟಿಗೇ ಅಂದೆವು. ಇವರು ನಕ್ಕರು. ಯಾವ ಉತ್ತರಕ್ಕೆ ನಕ್ಕರು? ಕೇಳಬೇಕೆಂದುಕೊಂಡೆ, ಅಷ್ಟರಲ್ಲಿ ಕಣ್ಣು ಮುಚ್ಚಿದ್ದರು. ಅವರು ಆಮೇಲೆ ಮಾತಾಡಲಿಲ್ಲ. ಆ ಎಲ್ಲುಂಡಿ ಅವರ ಪಾಲಿಗೆ ಬರಲಿಲ್ಲ.

ಆ ಹುಡುಗಿ ಒಳ್ಳೆಯವಳು. ನನ್ನ ಕೈ ಹಿಡಿದುಕೊಂಡು ಅತ್ತಳು. ಆದರೂ ಇವತ್ತಿಗೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಬೀರುವಿನವಳ ಜೊತೆ ರಾಜಿಯಾಗಿದ್ದೇನೆ, ದಿನಾ ಬಾಗಿಲು ತೆರೆದು ಅವಳ ಧೂಳು ಒರೆಸುತ್ತೇನೆ. ಆದರೆ ಆ ಒಂದು ಮಾತನ್ನು ಆ ಹುಡುಗಿಯ ಜೊತೆ ಹಂಚಿಕೊಳ್ಳಲು ನನ್ನಿಂದಾಗದು. ಅವಳದು ತೆಲುಗು, ನನ್ನದು ಕನ್ನಡ. ಅವರು ಕನ್ನಡದಲ್ಲೇ ಕೇಳಿದರು ಎಂದು ನಾನು ತೀರ್ಮಾನಿಸಿದ್ದೇನೆ. ಯಾರು ಬಂದು ಇಲ್ಲವೆನ್ನುತ್ತಾರೋ ನೋಡೋಣ!

ಒಂದೇ ಕೊರಗು. ಅಷ್ಟು ವರ್ಷಕ್ಕೆ ಒಮ್ಮೆ ಕೇಳಿದರು, ನಾನು ಸುಳ್ಳು ಹೇಳಿಬಿಟ್ಟೆ. ಅಂದು ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಈಗ ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಿಕೊಂಡು ಕೂರುತ್ತೇನೆ, ಬೇಡವೆನಿಸಿದರೂ ಎರಡು ತುತ್ತು ಉಣ್ಣುತ್ತೇನೆ. ಇನ್ನೊಮ್ಮೆ ಕೇಳಿದರೆ ನಿಜ ಹೇಳಬೇಕಲ್ಲ.