ಮಾವ ಹಂಚಿದ ನೆಟ್ಟು

ತನ್ನ ಕಂಪ್ಯೂಟರಿಗೆ ಬರುವ ನೆಟ್ಟನ್ನು ಮನೆಯವರಿಗೂ ಹಂಚುವ ವ್ಯವಸ್ಥೆ ಮಾಡಿದ ದಿನವೇ ವಿಮಾ ಕಚೇರಿಯ ಗುಮಾಸ್ತ ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ. ಅಂದಿನಿಂದ ಅದು ಬೀದಿಯ ನಲ್ಲಿಯಾಯಿತು. ಆರಿಸುವ ಹಾಗಿಲ್ಲ, ಮುಚ್ಚುವ ಹಾಗಿಲ್ಲ. ಹೆಂಡತಿಗೆ ಅದರಿಂದಲೇ ಹೊಲಿಗೆ ಪಾಠ, ಮಾವನಿಗೆ ಅದರಿಂದಲೇ ಕುಸ್ತಿ. ಸಾಲದ್ದಕ್ಕೆ ಮಾವ ಮಹಾ ಧಾರಾಳಿ. ಮೇಲಿನ ಮನೆಗೆ ನಿನ್ನೆ ತಾನೇ ಬಾಡಿಗೆಗೆ ಬಂದ ಮೇಡಂಗೂ ಪಾಸ್‌ವರ್ಡ್ ಹೇಳಿ ಬಂದಿದ್ದರು.

"ಪಾಪ, ಅವರಿಗಿನ್ನೂ ನೆಟ್ ಬಂದಿಲ್ಲ ಅಳಿಯಂದ್ರೇ. ನಮ್ಮ ಗಂಟೇನು ಹೋಗುತ್ತೆ?"

ಏನು ಹೋಗುತ್ತದೆಂದು ಗುಮಾಸ್ತನಿಗೆ ಗೊತ್ತಿತ್ತು. ಇವತ್ತು ಹನ್ನೊಂದಕ್ಕೆ ಶಾಖೆಯ ಮ್ಯಾನೇಜರ್ ಹುದ್ದೆಗೆ ಅವನ ಸಂದರ್ಶನ. ಹೆಡ್ಡಾಫೀಸಿನ ಅಧಿಕಾರಿಯೊಬ್ಬರು ಕಂಪ್ಯೂಟರಿನಲ್ಲೇ ಪ್ರಶ್ನೆ ಕೇಳುವವರಿದ್ದರು. ಇನ್ನೊಬ್ಬರ ಸಹಿಗಾಗಿ ಬಾಗಿಲಲ್ಲಿ ನಿಂತು ನಿಂತೇ ಸವೆದುಹೋಗಿದ್ದ ಅವನಿಗೆ ಈ ಅವಕಾಶ ತಪ್ಪಿದರೆ ಇನ್ನೊಂದಿಲ್ಲ.

ಮೊದಲೇ ಪರೀಕ್ಷಿಸೋಣವೆಂದು ಸಹೋದ್ಯೋಗಿಗೆ ಕರೆ ಮಾಡಿದ. ಪರದೆಯಲ್ಲಿ ಆತನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು.

"ಮಾವ, ಸ್ವಲ್ಪ ಹೊತ್ತು ಕುಸ್ತಿ ನಿಲ್ಸಿ!"

"ಇನ್ನೇನು ಕೆಡವಿಬಿಡ್ತಾನೆ, ತಾಳಿ."

"ಲೇ, ನೀನಾದ್ರೂ ನಿಲ್ಸೇ!"

"ರೀ, ತೋಳು ಜೋಡ್ಸೋದು ಹೇಳ್ಕೊಡ್ತಿದ್ದಾರೆ. ನಿಮ್ದೇ ಶರ್ಟು. ಒಂಟಿ ತೋಳಲ್ಲಿ ಆಫೀಸಿಗೆ ಹೋಗ್ತೀರಾ?"

ಗುಮಾಸ್ತನಿಗೆ ರೇಗಿಹೋಯಿತು. ನೆಟ್ಟಿನ ಹಂಚಿಕೆಯನ್ನೇ ನಿಲ್ಲಿಸಿ, ಕೋಣೆಯ ಚಿಲಕ ಹಾಕಿ ಕೂತ. ಮೇಲೆ ಕೋಟು, ಟೈ. ಕೆಳಗೆ ಹಳೇ ಚಡ್ಡಿ. ಕ್ಯಾಮೆರಾಕ್ಕೆ ಅಷ್ಟು ಸಾಕಾಗಿತ್ತು.

ಹನ್ನೊಂದಾಯಿತು. ಪರದೆಯ ಮೇಲೆ ಒಂದೇ ಸಾಲು: ಅಧಿಕಾರಿಗಳು ಬರುವವರೆಗೆ ಕಾಯಿರಿ. ಕಾದ. ಯಾರೋ ಬಾಗಿಲು ದಬದಬ ಬಡಿದರು.

"ಅಳಿಯಂದ್ರೇ, ಮೇಲಿನ ಮನೆ ಮೇಡಂ ಬಂದಿದ್ದಾರೆ, ತೆಗೀರಿ!"

ಚಡ್ಡಿಯಲ್ಲಿ ತೆಗೆಯುವುದು ಹೇಗೆ?

"ತೊಂದ್ರೆ ಕೊಡ್ತಿದ್ದೀನಿ ಸಾರ್," ಹೆಂಗಸಿನ ದನಿ. "ನೆಟ್ ನಿಂತೋಗಿದೆ. ಅಲ್ಲಿ ಒಬ್ರು ನನಗೋಸ್ಕರ ಕಾಯ್ತಿದ್ದಾರೆ, ಪಾಪ. ಸ್ವಲ್ಪ ಹೊತ್ತು ಕೊಟ್ರೆ..."

ಬೆಳಗಿನಿಂದ ಕುದಿಯುತ್ತಿದ್ದದ್ದು ಉಕ್ಕಿತು. "ಕೊಡಲ್ಲ ಕಣ್ರೀ! ಕಾಯ್ತಿರೋ ಆ ದರಿದ್ರದವನು ಹಾಳಾಗಿ ಹೋಗ್ಲಿ, ನನಗೇನು?"

ಮಾವ ಏನೋ ಸಮಾಧಾನ ಹೇಳುತ್ತ ಮೇಡಂ ಜೊತೆ ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ಪೀಡೆ ತೊಲಗಿತೆಂದು ಗುಮಾಸ್ತ ಟೈ ಸರಿಮಾಡಿಕೊಂಡ.

ಕೊನೆಗೂ ಪರದೆ ಬೆಳಗಿತು. ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಅವರ ಪಕ್ಕದಲ್ಲಿ, ಫೋನನ್ನು ಎತ್ತಿ ಹಿಡಿದುಕೊಂಡು, ಮಾವ!

"ನನ್ನ ಫೋನಲ್ಲೂ ನೆಟ್ ಇದೆ ಮೇಡಂ, ತೀರಿಹೋಗುತ್ತೆ ಅಂತ ಮುಟ್ಟಿರ್ಲಿಲ್ಲ ಅಷ್ಟೆ... ಅರೇ, ಅಳಿಯಂದ್ರೇ! ನೀವೇನಿಲ್ಲಿ?"

ಗುಮಾಸ್ತ ಬಾಯಿ ತೆರೆದ. ದನಿ ಹೊರಡಲಿಲ್ಲ. ಈ ಸಲ ನೆಟ್ಟಿನ ತಪ್ಪೇನೂ ಇರಲಿಲ್ಲ. ಕೈಮುಗಿದು ಕ್ಷಮೆ ಕೇಳಲು ದಡಬಡಿಸಿ ಎದ್ದು ನಿಂತ. ಚಡ್ಡಿ ನೆನಪಾದದ್ದು ಆಮೇಲೆ.

ಮೇಡಂ ಕನ್ನಡಕ ಸರಿಪಡಿಸಿಕೊಂಡರು.

"ಕೂತ್ಕೊಳ್ಳಿ," ಎಂದರು. "ಕಾಯ್ತಿರೋ ಅಭ್ಯರ್ಥಿ ಬಗ್ಗೆ ನಿಮ್ಮ ಅಭಿಪ್ರಾಯ ಆಗ್ಲೇ ಕೇಳಿದೀನಿ. ಅದನ್ನೇ ಬರ್ಕೊಳ್ಲಾ?"